ಹಾಲೆಂಡಿನ ಎಲೆ, ಪಾಂಡವಪುರದ ಚೆಂಡುಹೂ

ಮೊದಲೇ ಹೇಳಿಬಿಡುತ್ತೇನೆ, ಹಾಲೆಂಡಿಗೆ ಹೋಗಿಬಂದರೂ ನಾನು ಟ್ಯೂಲಿಪ್ ಹೂವನ್ನು ನೋಡಲಿಲ್ಲ. ನಾನು ಹೋದದ್ದು ಅಕ್ಟೋಬರಿನಲ್ಲಿ. ಆಗ ಅಲ್ಲಿ ಹೂವಿರುವುದಿಲ್ಲ, ಉದುರಿದ ಎಲೆ ಇರುತ್ತದೆ. ಊರಿಗೆ ಬಂದ ಮೇಲೆ ಸಿಕ್ಕಸಿಕ್ಕವರೆಲ್ಲ "ಟ್ಯೂಲಿಪ್ ಎಂಗಿತ್ತು ಡಾಕ್ಟ್ರೇ?" ಎಂದು ಕೇಳಿ ತಲೆ ತಿಂದರು. ಎಲೆಯ ವಿಷಯ ಹೇಳೋಣವೆಂದರೆ ಕೇಳುವ ಪುರಸೊತ್ತು ಯಾರಿಗೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ದನದ ಡಾಕ್ಟರು. ಮನೆ ಪಾಂಡವಪುರದಲ್ಲಿ, ಕೆಲಸ ಕೆ.ಆರ್. ಪೇಟೆಯಲ್ಲಿ. ಸಿಟ್ಟು ಮಾತ್ರ ಎಲ್ಲಿಗೆ ಹೋದರೂ ಮೂಗಿನ ತುದಿಯಲ್ಲೇ ಇರುತ್ತದೆ. ಈ ಪ್ರವಾಸದಲ್ಲಿ ಅದು ವಿಮಾನವನ್ನೂ ಹತ್ತಿತ್ತು.

ಶ್ರೀರಂಗಪಟ್ಟಣ, ಹೊರಡುವ ಮೊದಲು

ತೊಂಬತ್ತರ ದಶಕದ ನಡುವೆ, ಊರವರೆಲ್ಲ ಒಂದೇ ಥರದ ಕಾರು ಕೊಳ್ಳುತ್ತಿದ್ದಾಗ, ನಾನು ಯೂರೋಪಿನ ಒಂದು ಪುಟ್ಟ ಕಾರು ಕೊಂಡೆ. ಹಿಂದೆ ಡಿಕ್ಕಿ ಚಾಚಿಕೊಂಡಿರುವುದಿಲ್ಲ. ಬೆನ್ನೇ ಬಾಗಿಲಾಗಿ ಮೇಲಕ್ಕೆ ಏಳುವ ಜಾತಿ. ಮೊದಲ ದಿನವೇ ಕೆ.ಆರ್. ಪೇಟೆಯ ಟೆಂಪೋ ಮಾಲೀಕ ಸ್ವಾಮಿ ಅದನ್ನು ಸುತ್ತು ಹಾಕಿ ನೋಡಿ, "ಇಂದ್ಗಡೆ ಕುಯ್ದ್‌ಬುಟ್ಟವ್ರಲ್ಲ ಸಾ, ಉಳಿದರ್ಧ ಯಾರ್ಗ್ ಕೊಟ್ರಿ?" ಎಂದು ಕೇಳಿದ. ನನಗೆ ಉರಿದುಹೋಯಿತು. ಆದರೆ ಆ ಹಿಂಬಾಗಿಲಿನ ಸುಖ ದನದ ಡಾಕ್ಟರಿಗೆ ಗೊತ್ತು. ಔಷಧಿ ಪೆಟ್ಟಿಗೆ, ಹಗ್ಗ, ಗಮ್‌ಬೂಟು, ವೀರ್ಯದ ಕಡ್ಡಿಗಳನ್ನು ತಣ್ಣಗಿಡುವ ನೈಟ್ರೋಜನ್ ಕ್ಯಾನು ಎಲ್ಲವನ್ನೂ ಸೊಂಟ ಬಗ್ಗಿಸದೆ ಇಡಬಹುದು, ತೆಗೆಯಬಹುದು. ನಾಗಮಂಗಲದ ಕಡೆಯ ಒಣ ರಸ್ತೆಗಳಲ್ಲಿ ಅದು ಮೇಕೆಮರಿಯಂತೆ ನೆಗೆದು ಹೋಗುತ್ತಿತ್ತು. ನಾನು ಅದನ್ನು ಪ್ರೀತಿಸುತ್ತಿದ್ದೆ, ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ನನ್ನ ಹೆಂಡತಿ ಪದ್ಮ ಪ್ರತಿ ಶುಕ್ರವಾರ ಅದಕ್ಕೆ ಪೂಜೆ ಮಾಡುತ್ತಿದ್ದಳು. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕಡ್ಡಿಗಳ ಹಿಂದೆ, ಒಂದು ಕಪ್ಪು ಜಾಲರಿ ಇದೆ. ಅದರ ಮೇಲೆ ಸಾಲಾಗಿ ಚೆಂಡುಹೂ, ಮಾವಿನೆಲೆ. ಆಯುಧಪೂಜೆಯ ದಿನವಂತೂ ನಾನೇ ಪಂಚೆ ಉಟ್ಟು ನಿಲ್ಲುತ್ತಿದ್ದೆ. ಅವತ್ತು ಕಾರು ಕಾಣುತ್ತಿರಲಿಲ್ಲ, ಹೂವೇ ಕಾಣುತ್ತಿತ್ತು.

ಕಾರನ್ನು ನೋಡಿಕೊಳ್ಳುತ್ತಿದ್ದವನು ಶ್ರೀರಂಗಪಟ್ಟಣದ ಮೆಕ್ಯಾನಿಕ್ ಅನ್ವರ್. ಹೈವೇ ಪಕ್ಕದಲ್ಲಿ ಅವನದೊಂದು ತಗಡಿನ ಶೆಡ್ಡು. ನನ್ನ ಸ್ಕೂಟರಿನ ಕಾಲದಿಂದ, ಹದಿನೈದು ವರ್ಷ, ಬೇರೆಯವರ ಕೈಗೆ ನಾನು ಸ್ಪ್ಯಾನರ್ ಕೊಟ್ಟವನಲ್ಲ. ಒಂದು ಬೇಸಿಗೆಯಲ್ಲಿ ನಾಗಮಂಗಲದ ರಸ್ತೆಯಲ್ಲಿ ಲಾರಿಯ ಚಕ್ರದಿಂದ ಕಲ್ಲು ಸಿಡಿದು ಮುಂದಿನ ಗಾಜು ಒಡೆಯಿತು. ಅನ್ವರ್ ಹೊಸ ಗಾಜು ತರಿಸಿ, ಸುತ್ತ ಹೊಸ ರಬ್ಬರು ಹಾಕಿ ಕೂರಿಸಿದ. ಆ ಮಳೆಗಾಲದಲ್ಲೇ ಕಾರಿನೊಳಗೆ ನೀರು ಬರತೊಡಗಿತು. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತವರ ಕಾಲಬುಡದಲ್ಲಿ ಕೆರೆ. ಅನ್ವರ್ ರಬ್ಬರನ್ನು ಬಿಚ್ಚಿ ಹಾಕಿದ, ಮತ್ತೆ ಬಿಚ್ಚಿ ಹಾಕಿದ. ಮೂರನೆಯ ಸಲ ಹೋದಾಗ ಬಾನೆಟ್ಟಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ.

"ಡಾಕ್ಟ್ರೇ, ನೀರು ಗ್ಲಾಸಿಂದ ಬತ್ತಾ ಇಲ್ಲ ಅನ್ಸ್ತದೆ. ಈ ಜಾಲ್ರಿ ಕೆಳ್ಗೆ ಏನೋ ಐತೆ. ಹೂವ ತೆಗ್ದು ಒಂದ್ಸಲ ಬಿಚ್ಲಾ?"

ಅವತ್ತು ಶುಕ್ರವಾರ. ಪದ್ಮ ಬೆಳಿಗ್ಗೆಯಷ್ಟೇ ಹೂ ಇಟ್ಟಿದ್ದಳು. "ಪೂಜೆ ಹೂವ ಮುಟ್ಬ್ಯಾಡ ಕಣ್ಲಾ. ರಬ್ಬರ್ ನೋಡು, ಸಾಕು" ಎಂದೆ. ಅನ್ವರ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಬಟ್ಟೆಯಲ್ಲಿ ಒರೆಸಿಕೊಂಡ. ರಬ್ಬರಿಗೆ ಇನ್ನೊಂದು ಸುತ್ತು ಅಂಟು ಹಚ್ಚಿ ಕಳಿಸಿದ.

ಬಿಂಡಿಗನವಿಲೆಯ ಕುರಿಗಳು

ಅದಾದ ಮುಂದಿನ ವಾರ ಅತ್ತೆಯವರನ್ನು ಅವರ ಊರಾದ ಬಿಂಡಿಗನವಿಲೆಗೆ ಬಿಡಲು ಹೊರಟೆ. ದಾರಿಯುದ್ದಕ್ಕೂ ಮಳೆ. ಅತ್ತೆ ಮುಂದೆ ಕೂತಿದ್ದರು, ರೇಷ್ಮೆ ಸೀರೆ ಬೇರೆ. ಊರ ಹತ್ತಿರ ಕುರಿಮಂದೆ ಅಡ್ಡ ಬಂತು. ಬ್ರೇಕು ತುಳಿದೆ. ಡ್ಯಾಶ್‌ಬೋರ್ಡಿನ ಕೆಳಗಿಂದ, ಕೊಡ ಬಗ್ಗಿಸಿದಂತೆ, ನೀರು ಧಡಕ್ಕನೆ ಅವರ ಮಡಿಲಿಗೆ ಬಿತ್ತು. ನೀರೂ ಅಲ್ಲ, ಕಪ್ಪು ಕೆಸರು.

ಅತ್ತೆ ಕೂಗಲಿಲ್ಲ. ಸೀರೆಯನ್ನು ನೋಡಿಕೊಂಡರು, ನನ್ನನ್ನು ನೋಡಿದರು. "ಅಳಿಯಂದ್ರೇ, ಕಾರೊಳ್ಗೆ ನಲ್ಲಿ ಮಡ್ಗಿಸ್ಕಂಡಿದ್ದೀರಾ?" ಎಂದರು. ಕುರಿ ಕಾಯುವವನು ಕಿಸಕ್ಕನೆ ನಕ್ಕ.

ಅವರನ್ನು ಇಳಿಸಿ ಕಾಫಿ ಕೂಡ ಕುಡಿಯದೆ ನೆಟ್ಟಗೆ ಶ್ರೀರಂಗಪಟ್ಟಣಕ್ಕೆ ಬಂದೆ. ದಾರಿ ಸವೆದಷ್ಟೂ ಸಿಟ್ಟು ಏರಿತು. ಅನ್ವರ್ ಶೆಡ್ಡಿನ ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದ. ಅವನ ಪಕ್ಕದಲ್ಲಿ ಟೆಂಪೋ ಸ್ವಾಮಿ, ನಾಗಮಂಗಲದ ತೆಂಗಿನಕಾಯಿ ವ್ಯಾಪಾರಿ ಕರಿಗೌಡ, ಇನ್ನೂ ಕೆಲವರು. ಸ್ವಾಮಿ, ಗೌಡರು ಇಬ್ಬರೂ ಅನ್ವರನ ಖಾಯಂ ಗಿರಾಕಿಗಳು.

"ಒರಿಜಿನಲ್ ರಬ್ಬರ್ ಮಾರ್ಕಂಡು ನಂಗೆ ಡೂಪ್ಲಿಕೇಟ್ ಆಕಿದ್ದೀಯಲ್ಲೋ, ಕಳ್ ನನ್ಮಗನೆ!"

ಅನ್ವರ್ ಲೋಟವನ್ನು ಕೆಳಗಿಟ್ಟ. "ಡಾಕ್ಟ್ರೇ, ಕೆಲ್ಸ ಬರಲ್ಲ ಅನ್ನಿ, ಒಪ್ಕೋತೀನಿ. ಕಳ್ಳ ಅನ್ಬ್ಯಾಡಿ" ಎಂದ.

ನಾನು ಇನ್ನೊಂದು ಸಲ, ಮೊದಲಿಗಿಂತ ಗಟ್ಟಿಯಾಗಿ ಅಂದೆ.

ಒಂದು ತಿಂಗಳೊಳಗೆ ಸ್ವಾಮಿ ತನ್ನ ಟೆಂಪೋಗಳನ್ನು ಬೇರೆ ಶೆಡ್ಡಿಗೆ ಬಿಟ್ಟ. ಕರಿಗೌಡರು ಲಾರಿಯನ್ನು ನಾಗಮಂಗಲದಲ್ಲೇ ರಿಪೇರಿ ಮಾಡಿಸತೊಡಗಿದರು. ಪಟ್ಟಣದಲ್ಲಿ ಅವನಿಗೆ ರಬ್ಬರ್ ಅನ್ವರ್ ಎಂದು ಹೆಸರಾಯಿತು. ಅದನ್ನು ಕೇಳಿ ನನಗೆ ಒಳಗೊಳಗೇ ಖುಷಿಯಾಗಿತ್ತು, ಇದನ್ನು ಬರೆಯುವಾಗ ಮಾತ್ರ ನಾಚಿಕೆಯಾಗುತ್ತಿದೆ.

ಮೊದಲ ದಿನ, ಆಮ್‌ಸ್ಟರ್‌ಡ್ಯಾಮ್

ಆ ವರ್ಷದ ಆಯುಧಪೂಜೆಯಲ್ಲಿ, ನಮ್ಮ ಮನೆಯ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ನಿಂತಿದ್ದ ಕಾರಿಗೂ ಹೂ ಹಾಕಿ, ಮೂರು ವಾರದ ಹೈನುಗಾರಿಕೆ ತರಬೇತಿಗೆ ಹಾಲೆಂಡಿನ ವಿಮಾನ ಹತ್ತಿದೆ. ಇಳಿದ ಕೂಡಲೇ ಅವಮಾನ ಶುರು. ಕರೆದೊಯ್ಯಲು ಬಂದವನ ಕಾರಿನಲ್ಲಿ ನಾನು ಬಾಗಿಲು ತೆಗೆದು ಕೂತರೆ ಎದುರಿಗೆ ಸ್ಟೀರಿಂಗು. ಅವರದು ಎಡಗಡೆ. ಆತ ಛತ್ರಿ ಹಿಡಿದು ಹೊರಗೆ ನಿಂತು, "ನೀವೇ ಓಡಿಸುತ್ತೀರಾ?" ಎಂದು ಕೇಳಿದ. ತಮಾಷೆಯೋ ನಿಜವೋ ಅವರ ಮುಖ ನೋಡಿದರೆ ತಿಳಿಯುವುದಿಲ್ಲ. ಆ ಮೂರು ವಾರದಲ್ಲಿ ಈ ತಪ್ಪನ್ನು ನಾನು ಅದೆಷ್ಟು ಸಲ ಮಾಡಿದೆನೋ, ಪ್ರತಿ ಸಲವೂ ಬಾಗಿಲಿನ ಮೇಲೇ ಸಿಟ್ಟು ಬಂತು.

ನಾಲ್ಕನೆಯ ದಿನ, ಗ್ರೀತ್ ಅಜ್ಜಿಯ ಮನೆ

ನಮ್ಮನ್ನು ಒಬ್ಬೊಬ್ಬರನ್ನು ಒಂದೊಂದು ರೈತರ ಮನೆಯಲ್ಲಿ ಬಿಟ್ಟರು. ನನಗೆ ಸಿಕ್ಕಿದ್ದು ಉತ್ತರದ ಫ್ರೀಸ್‌ಲ್ಯಾಂಡಿನ ಒಂದು ಹಳ್ಳಿ. ನಮ್ಮ ಕಡೆ ರೈತರು ಎಚ್.ಎಫ್. ಎಂದು ಕರೆಯುವ ಕಪ್ಪು ಬಿಳುಪಿನ ಹಸುಗಳ ತವರು. ಮನೆಯ ಯಜಮಾನಿ ಗ್ರೀತ್ ಎಂಬ ಎಪ್ಪತ್ತು ದಾಟಿದ ಹೆಂಗಸು, ಒಬ್ಬರೇ ಹದಿನೆಂಟು ಹಸು ನೋಡಿಕೊಳ್ಳುತ್ತಿದ್ದರು. ಕಾಫಿಗೆ ಕರೆದು ತಗಡಿನ ಡಬ್ಬಿ ತೆರೆದರು. ನಾನೊಂದು ಬಿಸ್ಕತ್ತು ತೆಗೆದುಕೊಂಡೆ. ಡಬ್ಬಿ ಟಪ್ಪೆಂದು ಮುಚ್ಚಿಕೊಂಡಿತು, ಬೀರುವಿಗೆ ಹೋಯಿತು. ನಮ್ಮೂರಿನಲ್ಲಿ ಕರು ಹಾಕಿಸಿದ ಮನೆಯವರು ಬೇಡ ಬೇಡವೆಂದರೂ ಎರಡನೆಯ ಸಲ ಮುದ್ದೆ ಇಕ್ಕುತ್ತಾರೆ. ಮಧ್ಯಾಹ್ನ ತಣ್ಣನೆಯ ಬ್ರೆಡ್ಡು, ಅದರ ಮೇಲೆ ಚಾಕೊಲೇಟಿನ ಚೂರು. ದೊಡ್ಡವರು ತಿನ್ನುವ ಊಟವೇ ಇದು? ಎಂದು ಮನಸ್ಸಿನಲ್ಲೇ ಬೈದುಕೊಂಡು ನುಂಗಿದೆ.

ಆದರೆ ಅಂಗಳದಲ್ಲಿ ನಿಂತಿತ್ತು ನನ್ನದೇ ಕಾರು. ಬಣ್ಣ ಕೆಂಪು, ಸ್ಟೀರಿಂಗ್ ಎಡಕ್ಕೆ, ಉಳಿದಂತೆ ಬೆನ್ನಿನ ಬಾಗಿಲಿನವರೆಗೆ ಅದೇ. ನನಗೆ ಕಣ್ಣು ತುಂಬಿಬಂತು. ಅಜ್ಜಿಗೆ ಹೇಳಿದೆ. "ಹದಿನಾಲ್ಕು ವರ್ಷವಾಯಿತು. ಒಳ್ಳೆಯ ಕಾರು. ನಿಮ್ಮದು ಹೇಗಿದೆ?" ಎಂದರು.

"ಒಳಗೆ ನೀರು ಬರುತ್ತದೆ. ನಮ್ಮ ಮೆಕ್ಯಾನಿಕ್ ಕಳ್ಳ" ಎಂದೆ. ಏಳು ಸಮುದ್ರದ ಆಚೆಗೂ ಆ ಮಾತನ್ನು ಹೊತ್ತುಕೊಂಡು ಹೋಗಿದ್ದೆ.

ಏಳನೆಯ ದಿನ, ಬೀಟ್ ಗಡ್ಡೆಯ ರಸ್ತೆ

ಅವರ ದೇಶ ನಮ್ಮ ನಾಲೆ ಬಯಲಿನ ಹಾಗೇ ಚಪ್ಪಟೆ. ಎಲ್ಲೆಲ್ಲೂ ಕಾಲುವೆ. ಆ ತಿಂಗಳು ಸಕ್ಕರೆ ಬೀಟ್ ಕೀಳುವ ಕಾಲ. ಪಾಂಡವಪುರದ ರಸ್ತೆಯಲ್ಲಿ ಕಬ್ಬಿನ ಗಾಡಿ ಸಾಗುವಂತೆ ಟ್ರಾಕ್ಟರುಗಳು ಗಡ್ಡೆ ತುಂಬಿಕೊಂಡು ಸಾಗುತ್ತಿದ್ದವು. ರಸ್ತೆಗೆ ಕೆಸರು ಬಿದ್ದರೆ ರೈತನೇ ಫಲಕ ನೆಟ್ಟು, ಸಂಜೆ ಬಂದು ತೊಳೆದು ಹೋಗುತ್ತಿದ್ದ. ನಮ್ಮಲ್ಲಿ ಗಾಡಿಯಿಂದ ಬಿದ್ದ ಕಬ್ಬನ್ನು ಎತ್ತಿಕೊಳ್ಳಲು ಹಿಂದೆ ಓಡುವವರಿರುತ್ತಾರೆ, ತೊಳೆಯುವವರಿಲ್ಲ. ಈ ಹೋಲಿಕೆ ನನಗೇ ಬಂದದ್ದು, ಆದರೂ ಅಜ್ಜಿಯ ಮೇಲೇ ಸಿಟ್ಟು ಬಂತು.

ಅಂತಾರಾಷ್ಟ್ರೀಯ ಲೈಸೆನ್ಸ್ ಇದೆಯೆಂದು ಕೊಚ್ಚಿಕೊಂಡಿದ್ದೆ. ಅಜ್ಜಿ ಕೀಲಿ ಕೊಟ್ಟರು. ಗೇರಿಗೆ ಎಡಗೈ ಹಾಕಿದರೆ ಬಾಗಿಲಿನ ಹಿಡಿ ಸಿಗುತ್ತಿತ್ತು. ಒಂದು ತಿರುವಿನಲ್ಲಿ ಅಭ್ಯಾಸಬಲದಿಂದ ನಮ್ಮೂರಿನಂತೆ ರಸ್ತೆಯ ಎಡಬದಿಗೆ ಹೋದೆ, ಎದುರಿಗೆ ಹಾಲಿನ ಟ್ಯಾಂಕರು. ನಾನು ಮಾಡಿದ ಮೊದಲ ಕೆಲಸ ಹಾರನ್ ಒತ್ತಿದ್ದು. ಟ್ಯಾಂಕರಿನವನು ನಿಲ್ಲಿಸಿ, ನಾನು ನನ್ನ ಪಕ್ಕಕ್ಕೆ ಹೋಗುವವರೆಗೆ ಕೈ ಕಟ್ಟಿ ಕಾದ.

"ತಪ್ಪು ನಿಮ್ಮದು. ಕೂಗಿದ್ದೂ ನೀವೇ" ಎಂದರು ಅಜ್ಜಿ. ಅಷ್ಟೇ. ಸಿಟ್ಟಿಲ್ಲ, ನಗುವಿಲ್ಲ. ಮುಖಕ್ಕೆ ಹೊಡೆದಂತೆ ಹೇಳುವುದು ಅಲ್ಲಿಯವರ ಅಭ್ಯಾಸ. ಸಂಜೆಯವರೆಗೂ ಅವರೊಂದಿಗೆ ಮಾತಾಡಲಿಲ್ಲ, ಅವರಿಗೆ ಅದು ಗೊತ್ತೂ ಆಗಲಿಲ್ಲ.

ಹನ್ನೊಂದನೆಯ ದಿನ, ಗಾಳಿಮಳೆ ನಿಂತ ಮೇಲೆ

ಎರಡು ದಿನ ಹುಚ್ಚು ಗಾಳಿ, ಮಳೆ. ಮೂರನೆಯ ಬೆಳಿಗ್ಗೆ ಅಂಗಳದ ಮರ ಬೋಳಾಗಿತ್ತು. ಕೆಂಪು ಕಾರು ಎಲೆಯಲ್ಲಿ ಮುಳುಗಿತ್ತು. ಪೇಟೆಗೆ ಹೊರಟ ಅಜ್ಜಿ ಕಾರು ಹತ್ತುವ ಮೊದಲು ಬಾನೆಟ್ ಎತ್ತಿದರು. ಗಾಜಿನ ಬುಡದ ಆ ಕಪ್ಪು ಜಾಲರಿಯನ್ನು ಎರಡು ತಿರುಪಿನಲ್ಲಿ ಬಿಚ್ಚಿದರು. ಕೆಳಗೊಂದು ಪುಟ್ಟ ಗೋದಲೆಯಂಥ ತೊಟ್ಟಿ. ನೀರು, ಎಲೆ. ಬಾಚಿ ಹೊರಗೆ ಹಾಕಿದರು. ಆಮೇಲೆ ತೊಟ್ಟಿಯ ಕೆಳಗೆ ಕೈ ಹಾಕಿ ಏನನ್ನೋ ಹಿಡಿದು ಹಿಂಡಿದರು.

ಅದು ರಬ್ಬರಿನ ಮೊಲೆತೊಟ್ಟು. ಬೇರೆ ಮಾತು ನನಗೆ ತೋಚುವುದಿಲ್ಲ. ಅಜ್ಜಿ ಹಾಲು ಕರೆಯುವಂತೆ ಎರಡು ಸಲ ಎಳೆದರು. ಕಪ್ಪು ಗಸಿ ಚಿಳ್ಳೆಂದು ಕೆಳಗೆ ಬಿತ್ತು, ಹಿಂದೆಯೇ ನಿಂತ ನೀರೆಲ್ಲ ಇಳಿಯಿತು.

"ಇದು ಕಟ್ಟಿಕೊಂಡರೆ?" ಎಂದು ಕೇಳಿದೆ.

"ನೀರು ಒಳಗೆ ಬರುತ್ತದೆ. ಪಕ್ಕದವರ ಕಾಲ ಮೇಲೆ. ಎಲೆ ಉದುರುವ ಕಾಲದಲ್ಲಿ ಎಲ್ಲರೂ ಇದನ್ನು ತೆಗೆಯುತ್ತಾರೆ. ನಿಮ್ಮಲ್ಲಿ ಎಲೆ ಉದುರುವುದಿಲ್ಲವೇ?"

ನಮ್ಮಲ್ಲಿ ಉದುರುವುದಿಲ್ಲ, ನಾವೇ ಉದುರಿಸುತ್ತೇವೆ. ಪ್ರತಿ ಶುಕ್ರವಾರ, ಆ ಜಾಲರಿಯ ಮೇಲೇ, ಎಸಳು ಎಸಳಾಗಿ. ಆಯುಧಪೂಜೆಗೆ ಪಂಚೆ ಉಟ್ಟುಕೊಂಡು. ಗಾಜು ಹೊಸದಾದ ಮೊದಲ ಮಳೆಗಾಲವೇ ತೊಟ್ಟಿ ತುಂಬಿದ್ದು ಬರೀ ಕಾಕತಾಳೀಯ. ಬಾಡಿದ ಹೂವನ್ನು ನಾವು ಕಸಕ್ಕೆ ಎಸೆಯುವುದಿಲ್ಲ, ಕಾಲಿಗೆ ಸಿಕ್ಕಬಾರದಲ್ಲ, ಇಟ್ಟಲ್ಲೇ ಒಣಗಲು ಬಿಡುತ್ತೇವೆ. ಅದು ಒಣಗಿ ಪುಡಿಯಾಗಿ ಎಲ್ಲಿಗೆ ಹೋಗುತ್ತದೆಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಹಸುವಿನ ಮೊಲೆ ಕಟ್ಟಿಕೊಂಡರೆ ಬಿಡಿಸುವುದೇ ನನ್ನ ವೃತ್ತಿ. ಕಾರಿನದು ಕಟ್ಟಿಕೊಂಡಾಗ ಮೆಕ್ಯಾನಿಕ್ ಕಳ್ಳನಾದ.

ಅವನು ಕೇಳಿದ್ದ. ಹೂವ ತೆಗೆದು ಬಿಚ್ಚಲಾ ಎಂದು ಕೇಳಿಯೇ ಇದ್ದ. ಮುಟ್ಟಬೇಡ ಅಂದವನು ನಾನು.

ನನಗೆ ಅಜ್ಜಿಯ ಮೇಲೆ, ಕಾರು ಮಾಡಿದವರ ಮೇಲೆ, ಪದ್ಮನ ಮೇಲೆ, ಚೆಂಡುಹೂವಿನ ಮೇಲೆ ಸಿಟ್ಟು ಬಂತು. ಕೊನೆಗೆ ಎಲ್ಲ ಸಿಟ್ಟೂ ಸುತ್ತಿಕೊಂಡು ಬಂದು ನನ್ನ ಮೇಲೇ ಕೂತಿತು. ಉಳಿದ ದಿನಗಳಲ್ಲಿ ಏನು ತರಬೇತಿ ಕೊಟ್ಟರೋ ನೆನಪಿಲ್ಲ.

ಮರಳಿ ಪಾಂಡವಪುರ

ಬಂದ ಮರುದಿನ ಬೆಳಿಗ್ಗೆ ಟಾರ್ಪಾಲು ಎಳೆದು ಬಾನೆಟ್ ಎತ್ತಿದೆ. "ಬಂದ್ ಬಂದಂಗೇ ಇದೇನ್ರೀ?" ಎಂದು ಪದ್ಮ ಹಿಂದೆಯೇ ಬಂದಳು. ಜಾಲರಿ ಬಿಚ್ಚಿದೆ. ತೊಟ್ಟಿಯ ತುಂಬ ಗೊಬ್ಬರದಂಥ ಕಪ್ಪು ಮುದ್ದೆ. ಮಾವಿನೆಲೆಯ ನಾರು, ಕುಂಕುಮದ ಕೆಂಪು. ಕೆಳಗಿನ ರಬ್ಬರ್ ಮೊಲೆತೊಟ್ಟಿನೊಳಗೆ ಬೆರಳು ಹಾಕಿ ಎಳೆದರೆ ಹೂ ಕಟ್ಟಿದ ದಾರ ಬಂತು. ಎಳೆದೆ, ಎಳೆದೆ, ಇನ್ನೂ ಬರುತ್ತಲೇ ಇತ್ತು.

ಪದ್ಮ ಬಾಯಿಗೆ ಸೆರಗು ಹಿಡಿದು ನಿಂತಳು. "ಅನ್ವರಣ್ಣ ಅವತ್ತೇ ಯೋಳಿದ್ರಂತೆ, ನೀವೇ ಅಂದಿದ್ರಲ್ಲ" ಎಂದಳು. ಆ ದಿನ ಊಟಕ್ಕೆ ಕೂತಾಗ ಅದನ್ನು ನಾನೇ ನಗುತ್ತ ಹೇಳಿದ್ದೆ, ಸಾಬಿಗೆ ಪೂಜೆ ಹೂವಿನ ಮೇಲೆ ಕಣ್ಣು ಎಂದು. ಅದೂ ನೆನಪಾಯಿತು.

ಮುದ್ದೆಯನ್ನು ದಾರದ ಸಮೇತ ಪೇಪರಿನಲ್ಲಿ ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟೆ. ಶೆಡ್ಡಿನಲ್ಲಿ ಎರಡು ಸ್ಕೂಟರು ಬಿಟ್ಟರೆ ಬೇರೆ ಗಾಡಿ ಇರಲಿಲ್ಲ. ಅನ್ವರ್ ಒಂದರ ಚಕ್ರ ಬಿಚ್ಚುತ್ತಿದ್ದ, ಏಳಲಿಲ್ಲ. ಪೊಟ್ಟಣ ಬಿಚ್ಚಿ ಅವನ ಮುಂದೆ ಇಟ್ಟೆ. ತಪ್ಪಾಯಿತು ಎಂದೆ. ಅವನು ದಾರವನ್ನು ಬೆರಳಿನಲ್ಲಿ ಎತ್ತಿ ನೋಡಿ ಕೆಳಗಿಟ್ಟ.

"ಇದ ನಂಗ್ಯಾಕ್ ತೋರುಸ್ತೀರಾ ಡಾಕ್ಟ್ರೇ? ನಾನ್ ಕದ್ದಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಅವತ್ತು ನಿಂತ್ಕಂಡು ಕೇಳುದ್ರಲ್ಲ, ಅವ್ರಿಗೆ ತೋರ್ಸಿ."

ಕೆ.ಆರ್. ಪೇಟೆ, ನಾಗಮಂಗಲ

ಟೀ ಅಂಗಡಿಯವನಿಗೆ ಅಲ್ಲೇ ತೋರಿಸಿದೆ. ಅವನು ಮೂಗು ಮುಚ್ಚಿಕೊಂಡು, "ಮುಚ್ಚಿ ಸಾ, ಗಿರಾಕಿ ಅವ್ರೆ" ಎಂದ. ಬೈದ ದಿನ ಯಾರೂ ಮುಚ್ಚಿ ಅನ್ನಲಿಲ್ಲ.

ಕೆ.ಆರ್. ಪೇಟೆಯಲ್ಲಿ ಸ್ವಾಮಿ ಸಮಾಧಾನವಾಗಿ ಕೇಳಿಸಿಕೊಂಡ. "ಆಗ್ಲಿ ಬುಡಿ ಸಾ. ಈಗ ಬೇರೆ ಕಡೆ ಒಂದ್ಕಂಡ್‌ಬುಟ್ಟಿದೀನಿ. ಗಾಡಿ ವಾಪಸ್ ತಂದ್ರೆ ಆ ಶೆಡ್‌ನವ್ನ್ ಬೇಜಾರ್ ಮಾಡ್ಕತನೆ." ಅನ್ವರನ ಬೇಜಾರಿನ ಮಾತು ಅವನ ಬಾಯಿಂದ ಬರಲಿಲ್ಲ. ಅದನ್ನು ಎತ್ತುವ ಯೋಗ್ಯತೆ ನನಗೂ ಉಳಿದಿರಲಿಲ್ಲ.

ನಾಗಮಂಗಲದಲ್ಲಿ ಕರಿಗೌಡರು ತೆಂಗಿನಕಾಯಿ ರಾಶಿಯ ಪಕ್ಕ ಕುರ್ಚಿ ಹಾಕಿಸಿ, ಎಳನೀರು ಕೊಟ್ಟು, ಎಲ್ಲ ಕೇಳಿ, ನನ್ನ ತೊಡೆ ತಟ್ಟಿ ನಕ್ಕರು.

"ಅಯ್ಯೋ, ನಿಮ್ದು ಒಳ್ಳೆ ಮನ್ಸು ಡಾಕ್ಟ್ರೇ. ರಾಜಿ ಆದ್ರಾ?"

"ರಾಜಿ ಅಲ್ಲ ಗೌಡ್ರೇ. ಅವ್ನು ಕದ್ದೇ ಇರ್ಲಿಲ್ಲ. ತಪ್ಪು ನಂದು."

"ಅದೇ ನಾ ಯೋಳಿದ್ದು, ದೊಡ್ ಮನ್ಸು ಅಂತ. ನಾಕ್ ಜನದ್ ಮುಂದೆ ಅವ್ನ ಮರ್ವಾದಿ ಉಳಿಸ್ತಾ ಇದ್ದೀರಿ. ಅಂಗಂತ ಕಳ್ಳ ಕಳ್ಳ ಅಲ್ದೆ ಓಯ್ತನಾ?"

ನಾನು ದನಿ ಏರಿಸಿದೆ. ಪೊಟ್ಟಣವನ್ನು ಅವರ ಮೂಗಿನ ಹತ್ತಿರ ಹಿಡಿದೆ. ಗೌಡರು ನಗುತ್ತಲೇ ಇದ್ದರು. ಬೈದಾಗ ಒಂದೇ ಏಟಿಗೆ ನಂಬಿದ ಮನುಷ್ಯ, ಈಗ ಗಂಟಲು ಹರಿದುಕೊಂಡರೂ ನಂಬಲಿಲ್ಲ. ಅಷ್ಟು ಸಿಟ್ಟು ಬಂದು, ಅದನ್ನು ಹಾಕಲು ಯಾರೂ ಸಿಗದೇ ಹೋದದ್ದು ಜೀವನದಲ್ಲಿ ಅದೇ ಮೊದಲು.

ಶ್ರೀರಂಗಪಟ್ಟಣ, ಕೊನೆಯ ಸಲ

ಮತ್ತೆ ಅನ್ವರನ ಶೆಡ್ಡಿಗೆ ಹೋದೆ. "ಏನಂದ್ರು?" ಎಂದು ಕೇಳಿದ. ಒಬ್ಬೊಬ್ಬರು ಏನೆಂದರೋ ಹಾಗೆಯೇ ಹೇಳಿದೆ, ಮುಚ್ಚಿಡಲಿಲ್ಲ. ಅವನು ಕೇಳುತ್ತ ಕೈ ಒರೆಸಿಕೊಂಡ. ಆಮೇಲೆ ಬಾನೆಟ್ ಎತ್ತಿ, ಈ ಸಲ ಯಾರನ್ನೂ ಕೇಳದೆ, ಜಾಲರಿ ಬಿಚ್ಚಿದ. ಶೆಡ್ಡಿನೊಳಗಿಂದ, ಸೊಳ್ಳೆ ತಡೆಯಲು ಕಿಟಕಿಗೆ ಹಾಕುವ ಸಣ್ಣ ಕಣ್ಣಿನ ತಂತಿಬಲೆಯ ಒಂದು ತುಂಡು ತಂದ. ತೊಟ್ಟಿಯ ಅಳತೆಗೆ ಕತ್ತರಿಸಿ, ಅಂಚು ಮಡಚಿ, ಜಾಲರಿಯ ಕೆಳಗೆ ಕೂರಿಸಿ ತಿರುಪು ಬಿಗಿದ. ಒಂದು ಬಕೆಟ್ ನೀರು ಸುರಿದ. ನೀರು ಸರಾಗವಾಗಿ ಇಳಿದುಹೋಯಿತು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಹಾಲೆಂಡಿನಲ್ಲೂ ನೋಡಿರಲಿಲ್ಲ.

"ಇನ್ ಅಮ್ಮಾವ್ರಿಗೆ ಎಷ್ಟ್ ಬೇಕೋ ಅಷ್ಟು ಹೂವ ಆಕಕ್ ಯೋಳಿ. ಒಂದ್ ಎಸ್ಳೂ ಒಳಕ್ ಓಗಲ್ಲ" ಎಂದ.

ನನ್ನ ಎದೆ ಹಗುರವಾಯಿತು. "ಮುಂದಿನ್ ತಿಂಗ್ಳು ಸರ್ವೀಸ್‌ಗೆ ತತ್ತೀನಿ ಕಣ್ಲಾ" ಎಂದೆ.

ಅನ್ವರ್ ಬಾನೆಟ್ಟನ್ನು ಸದ್ದಾಗದಂತೆ ಮುಚ್ಚಿದ. ಕೀಲಿಯನ್ನು ನನ್ನ ಕೈಗೆ ಕೊಟ್ಟ.

"ಸರ್ವೀಸ್‌ಗೆ ಮೈಸೂರ್‌ಗೆ ಓಗಿ ಡಾಕ್ಟ್ರೇ" ಎಂದು ಹೇಳಿ, ಸ್ಕೂಟರಿನ ಚಕ್ರದ ಹತ್ತಿರ ಹೋಗಿ ಕೂತ.

ಈಗ ಮೈಸೂರಿಗೆ ಹೋಗುತ್ತೇನೆ, ಅವನ ಶೆಡ್ಡಿನ ಮುಂದೆಯೇ ದಾರಿ. ಆಮೇಲೆ ಎಷ್ಟೋ ಮಳೆಗಾಲ ಕಳೆದವು. ಕಾರಿನೊಳಗೆ ಒಂದು ಹನಿ ನೀರು ಬಂದಿಲ್ಲ.